ಉಗುರಿಲ್ಲದ ನರಸಿಂಹನ ಮೂಷಿಕವಿಜಯ

ಹಪ್ಪಳದ ಡಬ್ಬಿಯ ಮುಚ್ಚಳ ಸಡಿಲಾಗಿ, ಗೋಡೆಯ ಬಿಲ ಹಿಗ್ಗಿ, ಗೃಹಿಣಿಯರ ನಿದ್ದೆ ಹಾರಿಹೋಗಿದ್ದ ಘೋರ ಮೂಷಿಕಯುಗವದು. ಆ ಯುಗದಲ್ಲಿ ಮೈಸೂರಿನ ಹೆಂಚಿನ ಮನೆಯೊಂದರಲ್ಲಿ, ಕ್ಷೀರಪಾತ್ರಾವಲೇಹನಧುರಂಧರನೂ ಮಾರ್ಜಾಲಕುಲತಿಲಕನೂ ಆದ ನರಸಿಂಹನು ಚಾಪೆಯ ಮೇಲೆ ವಿರಾಜಿಸುತ್ತಿದ್ದನು. ಹೇ ವಾಗ್ದೇವಿ, ಅವನ ಪರಾಕ್ರಮವನ್ನು ಹೇಳಿ ಮುಗಿಸುವ ತನಕ ಈ ಕಥಕನಿಗೆ ನಗು ಬಾರದಂತೆ ಕಾಪಾಡು.

ಹೆಸರೇನೋ ನರಸಿಂಹ, ಮುಂಗಾಲಿನಲ್ಲಿ ಉಗುರು ಮಾತ್ರ ಒಂದೂ ಇಲ್ಲ. ಸೋಫಾ ಹರಿಯುತ್ತದೆಂದು ಹಿಂದಿನ ಒಡೆಯರು ಬುಡಸಮೇತ ತೆಗೆಸಿ, ಊರು ಬಿಡುವಾಗ ಅವನನ್ನೂ ಬಿಟ್ಟುಹೋಗಿದ್ದರು. ಕರೆತಂದು ಹೆಸರಿಟ್ಟವಳು ವಾರಿಜಮ್ಮ. ಪಂಜವನ್ನು ಆಮೇಲೆ ನೋಡಿದಳು, ನೋಡಿ ಅತ್ತಳು.

ಆಕೆಯ ಪತಿ, ಒಂದೇ ಶಿಳ್ಳೆಯಿಂದ ಸಹಸ್ರ ಬಾಲಕರನ್ನು ನಡುಗಿಸಿದ್ದ ನಿವೃತ್ತ ಡ್ರಿಲ್ ಮೇಷ್ಟ್ರು ಪುಟ್ಟನಂಜಯ್ಯನವರು, ಇಲಿ ಕಡಿದ ತಮ್ಮ ಕ್ಯಾನ್ವಾಸ್ ಬೂಟನ್ನು ಎತ್ತಿಹಿಡಿದು ಗರ್ಜಿಸಿದರು: "ನೋಡೇ, ಇವತ್ತು ಸಂಜೆಯೊಳಗೆ ಅದು ಇಲಿ ಹಿಡೀಲಿಲ್ಲ ಅಂದ್ರೆ ನಾಳೆ ಮಾರ್ಕೆಟ್ ಹತ್ರ ಬಿಟ್ಟು ಬರ್ತೀನಿ. ಹುಲಿ ಬಂದ್ರೂ ಹೆದರೋನಲ್ಲ ನಾನು, ಒಂದು ಇಲಿ ಕೈಲಿ ಆಟ ಆಡಿಸ್ಕೊಳ್ಳೋದಾ?"

"ಉಗುರಿಲ್ಲದ್ದು ಬೀದೀಲಿ ಹೇಗೆ ಬದುಕುತ್ತೆ ರೀ?" ಎಂದಳು ವಾರಿಜಮ್ಮ. ಅವರು ಬೂಟನ್ನು ಮೂಲೆಗೆಸೆದು ಒಳನಡೆದರು. ಆಕೆಗೆ ಆವತ್ತು ಊಟ ಸೇರಲಿಲ್ಲ.

ಸಂಧ್ಯೆಯಾಯಿತು. ಮುಸ್ಸಂಜೆಯಲ್ಲಿ ಹೊಸ್ತಿಲ ಮೇಲೆ ಕೂರಬಾರದೆಂಬುದನ್ನೂ ಮರೆತು ವಾರಿಜಮ್ಮ ಅಲ್ಲೇ ಕುಳಿತು ಹೂ ಕಟ್ಟುತ್ತಿರಲು, ತಂಡುಲಕೋಶಲುಂಠಕನೂ ಬೂಟುಭಂಜನನೂ ಆದ ಮೂಷಿಕೇಂದ್ರನು ಅಕ್ಕಿಡಬ್ಬದ ಮರೆಯಿಂದ ಹೊರಟು ಮೀಸೆ ಕುಣಿಸಿದನು: "ಎಲವೋ ನಖಹೀನ! ಆಯುಧವಿಲ್ಲದ ಸೇನಾಪತಿಯೇ! ನಿನ್ನ ಪಂಜ ನನ್ನ ಬೆನ್ನಿಗೆ ಮಖಮಲ್ಲಿನ ಹಾಸಿಗೆಯಲ್ಲವೇ?"

ನರಸಿಂಹನು ಒಮ್ಮೆಲೇ ನೆಗೆದನು. ಬಿಂದಿಗೆ ಉರುಳಿತು, ಅಡಿಗೆಮನೆ ಕ್ಷೀರವಿಲ್ಲದ ಕ್ಷೀರಸಾಗರವಾಯಿತು. ಮೆತ್ತನೆಯ ಪಂಜಗಳ ನಡುವಿನಿಂದ ಶತ್ರು ಒದ್ದೆ ಸೋಪಿನಂತೆ ಜಾರಿದನು, ಮತ್ತೆ ಜಾರಿದನು. ಕಡೆಗೆ ನರಸಿಂಹನು ಬಾಯಿಂದಲೇ ಕಚ್ಚಿ ಹಿಡಿದು, ಒಡತಿಯ ತೊಡೆಯ ಮೇಲೆ ತಂದಿಟ್ಟನು. ಮುಸ್ಸಂಜೆ, ಹೊಸ್ತಿಲು, ತೊಡೆ, ಎಲ್ಲವೂ ಪುರಾಣೋಕ್ತವಾಗಿ ಕೂಡಿಬಂದವು. ಸೀಳಲು ಉಗುರೊಂದು ಇರಲಿಲ್ಲ.

ಬಾಲ ಸೇರಿಸಿದರೂ ಬೆಂಡೆಕಾಯಿಯಷ್ಟಿಲ್ಲದ ಆ ದಾನವನು ಮೈ ಕೊಡವಿ, ಗದ್ದಲ ಕೇಳಿ ಓಡಿಬಂದಿದ್ದ ಪುಟ್ಟನಂಜಯ್ಯನವರ ಬರಿಗಾಲಿನ ಮೇಲೆ ಒಂದು ಸುತ್ತು ಹಾಕಿ, ಬೀದಿಗಿಳಿದು ಮಾಯವಾದನು.

"ಹೋಯ್ತೇನೇ?" ಎಂದು ಊಟದ ಮೇಜಿನ ಮೇಲಿನಿಂದ ಕ್ಷೀಣಧ್ವನಿಯೊಂದು ಕೇಳಿಬಂತು.

"ಹೋಯ್ತು. ಇಳೀರಿ." ವಾರಿಜಮ್ಮ ಬೆಕ್ಕನ್ನು ಎದೆಗವಚಿಕೊಂಡಿದ್ದಳು. "ನಾಳೆ ಮಾರ್ಕೆಟ್‌ಗೆ ಎಷ್ಟು ಹೊತ್ತಿಗೆ ಹೊರಡ್ತೀರಿ?"

ಮೇಷ್ಟ್ರು ಪಂಚೆಯನ್ನು ಇನ್ನಷ್ಟು ಮೇಲಕ್ಕೆ ಎತ್ತಿಕೊಂಡರು. "ಅದೆಲ್ಲ ಆಮೇಲೆ ಮಾತಾಡೋಣ. ಮೊದಲು ಅವನನ್ನ ಇಲ್ಲಿ ಮೇಜಿನ ಕೆಳಗೆ ಕೂರಿಸು, ನಾನು ಇಳೀಬೇಕು."