ಮಾವನಿಗೆ ಏಳನೇ ಭಾಗ ಬೇಕೇ?

ಮಗು ಮಲಗಿದ್ದರೆ ಉಸಿರಾಡುತ್ತಿದೆಯೋ ಇಲ್ಲವೋ ಎಂಬ ಚಿಂತೆ. ಎದ್ದಿದ್ದರೆ ಯಾವಾಗ ಮಲಗೀತೋ ಎಂಬ ಚಿಂತೆ. ಇವೆರಡರ ನಡುವೆ ಸೊಸೆಗೆ ಉಳಿಯುತ್ತಿದ್ದ ಚೂರುಪಾರು ನೆಮ್ಮದಿಯನ್ನೂ ಈಗ ಮಾವನ ಸವೆದ ಮೊಣಕಾಲು ನುಂಗಿಹಾಕಿತ್ತು.

ಮಾವ ಅಂತಿಂಥ ಮಾವನಲ್ಲ. ‘ಕಾಳಗದ ಕಲಿ’ ಚಿತ್ರದ ಆರೂ ಭಾಗಗಳಲ್ಲಿ ನಾಯಕ ಮಹಡಿಯಿಂದ ಹಾರಿದಾಗಲೆಲ್ಲ ನಿಜವಾಗಿ ಹಾರಿದ್ದು ಇವರೇ. (ನಾಯಕ ಹಾರಿದ್ದು ಕುರ್ಚಿಯಿಂದ, ಅದೂ ಯಾರಾದರೂ ಕೈ ಹಿಡಿದುಕೊಂಡಿದ್ದರೆ.) ಈಗ ಇಬ್ಬರ ತಲೆಯೂ ನರೆತಿದೆ, ನಾಯಕನದಕ್ಕೆ ಬಣ್ಣವಿದೆ ಅಷ್ಟೆ. ಇಂಥ ಹೊತ್ತಿನಲ್ಲಿ ಏಳನೇ ಭಾಗ ತೆಗೆಯುತ್ತಾರಂತೆ! ಸಾಹಸ ನಿರ್ದೇಶಕರು ಮಾವನನ್ನು ಕರೆದಿದ್ದಾರಂತೆ!

“ಯಾರಿಗೆ ಬೇಕಾಗಿದೆ ಮಾವ ಏಳನೇದು? ಆ ಖಳನಾಯಕ ಎಷ್ಟು ಸಲ ಅಂತ ಸಾಯ್ಬೇಕು? ಅವನನ್ನಾದ್ರೂ ನೆಮ್ಮದಿಯಾಗಿರೋಕೆ ಬಿಡಿ.”

“ಅಲ್ಲಮ್ಮಾ, ಅವರು ಕರೆದಿರೋದು...”

“ಕರೀತಾರೆ! ಕರೆಯೋರಿಗೇನು ಹೋಗತ್ತೆ ಗಂಟು? ಬೀಳೋರು ನೀವು.”

“ನಾನು ಹೇಳೋದನ್ನ ಪೂರ್ತಿ...”

“ಹಳಸಿದ್ದಕ್ಕೆ ಒಗ್ಗರಣೆ ಹಾಕಿದ್ರೆ ಹೊಸ ಅಡುಗೆ ಆಗತ್ತಾ?”

“ಐದನೇ ಭಾಗ ಚೆನ್ನಾಗಿತ್ತು” ಎಂದ ಗಂಡ, ಪೇಪರಿನ ಹಿಂದಿನಿಂದ. ಅವಳು ತಿರುಗಿ ನೋಡಿದಳು. “ಅಷ್ಟೇನೂ ಚೆನ್ನಾಗಿರ್ಲಿಲ್ಲ” ಎಂದು ತಿದ್ದಿಕೊಂಡ.

ಮಾವ ನಿಟ್ಟುಸಿರಿಟ್ಟು, ಬರಲಾಗುವುದಿಲ್ಲವೆಂದು ಫೋನ್ ಮಾಡಿದರು. ಸೊಸೆ ದಿಗ್ವಿಜಯ ಮುಗಿಸಿದ ಸಾಮ್ರಾಜ್ಞಿಯ ಠೀವಿಯಿಂದ ಅಂದು ಚಹಾವನ್ನು ಬಿಸಿಯಾಗಿದ್ದಾಗಲೇ ಕುಡಿದಳು.

ಅಸಲಿ ಪ್ರಳಯ ಶುರುವಾದದ್ದು ಆಮೇಲೆ. ಸಾಹಸದವರ ಕಸುಬಿನಲ್ಲಿ ಹಾರುವುದು ಕ್ಷಣಮಾತ್ರದ ಕೆಲಸ. ಉಳಿದ ದಿನವೆಲ್ಲ ಬೀಳುವ ಜಾಗದಲ್ಲಿ ಖಾಲಿ ರಟ್ಟಿನ ಪೆಟ್ಟಿಗೆ ಜೋಡಿಸುವುದು, ಮೂಲೆಮೂಲೆ ಒತ್ತಿ ನೋಡುವುದು, ಮತ್ತೆ ಜೋಡಿಸುವುದು. ಕೆಲಸವಿಲ್ಲದ ಮಾವ ಈ ಮಹಾವಿದ್ಯೆಯನ್ನು ಮನೆಯ ಮೇಲೆ ಪ್ರಯೋಗಿಸಿದರು. ತೊಟ್ಟಿಲ ಸುತ್ತ ಪೆಟ್ಟಿಗೆ, ಸೋಫಾದ ಕೆಳಗೆ ಪೆಟ್ಟಿಗೆ. ಗಂಡ ಆಫೀಸಿಗೆ ಹೋಗಬೇಕಾದರೆ ಕೋಟೆ ದಾಟಬೇಕು.

ಮೇಲಿನ ಡಬ್ಬ ತೆಗೆಯಲು ಅವಳು ಸ್ಟೂಲಿನ ಮೇಲೆ ಕಾಲಿಟ್ಟರೆ, “ನಿಲ್ಲು! ರಿಹರ್ಸಲ್ ಇಲ್ದೆ ಹತ್ತೋದಾ? ಮೊದ್ಲು ಬರಿಗೈಯಲ್ಲಿ ಹತ್ತಿ ಇಳಿ. ಆಮೇಲೆ ಡಬ್ಬ” ಎನ್ನುವರು. ಸ್ನಾನಕ್ಕೆ ಹೊರಟರೆ, “ನೆಲ ಪರೀಕ್ಷೆ ಮಾಡಿದೀನಿ. ಎಡಗಡೆ ಜಾರತ್ತೆ, ಬಲಗಡೆಯಿಂದ ಪ್ರವೇಶ ಮಾಡು.”

ಆ ಮನೆಯಲ್ಲಿ ಅದುವರೆಗೆ ಚಿಂತೆಯ ಗುತ್ತಿಗೆ ಅವಳೊಬ್ಬಳದೇ ಆಗಿತ್ತು. ತನಗಾಗಿ ಇನ್ನೊಬ್ಬರು ಚಿಂತಿಸಿದರೆ ಇಷ್ಟು ಉಸಿರು ಕಟ್ಟುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. (ಗಂಡನಿಗೆ ಗೊತ್ತಿತ್ತು. ಆದರೆ ಅವನು ಜಾಣ.)

ಒಂದು ಬೆಳಿಗ್ಗೆ ಮಗು ಸೋಫಾ ಹಿಡಿದು ನಿಂತಿತು. ಕೈ ಬಿಟ್ಟಿತು. ಅವಳತ್ತ ನೋಡಿ ನಕ್ಕು, ಮೊಟ್ಟಮೊದಲ ಹೆಜ್ಜೆಗೆಂದು ಪುಟ್ಟ ಕಾಲೆತ್ತಿತು. ಅವಳು ಉಸಿರು ಬಿಗಿಹಿಡಿದು ತೋಳು ಚಾಚಿದಳು.

“ಕಟ್!” ಎಂದು ಮಾವ ಗುಡುಗಿದರು. “ಆ ಮೂಲೆ ಪೆಟ್ಟಿಗೆ ಇನ್ನೂ ಒತ್ತಿ ನೋಡಿಲ್ಲ!”

ಮಗು ದೊಪ್ಪನೆ ಕೂತಿತು. ಎಷ್ಟು ಪುಸಲಾಯಿಸಿದರೂ ಏಳಲಿಲ್ಲ.

ಅವಳು ನೆಟ್ಟಗೆ ಹೋಗಿ ಸಾಹಸ ನಿರ್ದೇಶಕರಿಗೆ ಫೋನ್ ಮಾಡಿದಳು.

“ಸಾರ್, ಏಳನೇ ಭಾಗ ಬೇಕೇ ಬೇಕು ಸಾರ್. ಜನ ಕಾಯ್ತಿದಾರೆ. ಎಂಟನೇದನ್ನೂ ಈಗ್ಲೇ ಶುರು ಮಾಡಿ. ನಮ್ಮ ಮಾವನ್ನ ಕರ್ಕೊಳ್ಳಿ. ತೀರಾ ಎತ್ತರ ಬೇಡ, ಮೊದಲ್ನೇ ಮಹಡಿ ಸಾಕು...”

“ಅವರನ್ನ ಹಾರೋಕೆ ಕರೆದಿದ್ದು ಯಾರಮ್ಮ? ಹಾರೋಕೆ ಹುಡುಗರಿದಾರೆ. ಆ ಹುಡುಗರು ಬಿದ್ದು ಕೈಕಾಲು ಮುರ್ಕೊಳ್ಳದ ಹಾಗೆ ಪೆಟ್ಟಿಗೆ ನೋಡ್ಕೊಳ್ಳೋಕೆ ಕರೆದಿದ್ದು. ನಿಮ್ಮ ಮಾವನಷ್ಟು ಪುಕ್ಕಲು ಮನುಷ್ಯ ಈ ಕಸುಬಲ್ಲಿ ಇನ್ನೊಬ್ಬನಿಲ್ಲ. ಮನೇಲಿ ಹೇಳಲಿಲ್ವಾ?”

ಅವಳು ತಿರುಗಿ ನೋಡಿದಳು. ಫೋನಿನ ದನಿ ಕೋಣೆಗೆಲ್ಲ ಕೇಳಿಸಿತ್ತು. ಪೆಟ್ಟಿಗೆಗಳ ನಡುವೆ ಮೊಮ್ಮಗುವನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಮಾವ, “ಬಾಯಿ ತೆರೆಯೋಕೆ ಬಿಟ್ರೆ ತಾನೇ?” ಎಂದರು ಮೆಲ್ಲಗೆ.

“ಹಾಗಾದ್ರೆ ನಾಳೆಯಿಂದ್ಲೇ ಕಳಿಸ್ತೀರಾ?” ಎಂದಿತು ಫೋನು.

ಈಗಲೇ ಎನ್ನಲು ಅವಳು ಬಾಯಿ ತೆರೆದಳು. ಹೊರಬಂದದ್ದೇ ಬೇರೆ. “ಅಲ್ಲಿ ಊಟ ಹೊತ್ತಿಗೆ ಸರಿಯಾಗಿ ಕೊಡ್ತೀರಾ? ಬಿಸಿಲಲ್ಲಿ ನಿಲ್ಲಿಸಲ್ಲ ತಾನೇ? ಕೂರೋಕೆ ಕುರ್ಚಿ? ಆ ಕುರ್ಚಿ ಗಟ್ಟಿಯಾಗಿದ್ಯಾ? ಯಾರಾದ್ರೂ ಕೂತು ನೋಡಿದಾರಾ?”

“ಅಮ್ಮಾ,” ಎಂದರು ಸಾಹಸ ನಿರ್ದೇಶಕರು ತುಂಬು ಗೌರವದಿಂದ, “ನೀವೂ ಬಂದ್ಬಿಡಿ. ನಮಗೆ ಅಂಥೋರು ಇಬ್ಬರು ಬೇಕು.”