ವ್ಯಾಕ್ಯೂಮ್ ಕ್ಲೀನರ್ ಮತ್ತು ದೊರೆಯ ಗಡೀಪಾರು

"ಇನ್ನು ಮುಂದೆ ಈ ಮನೆಯ ಧೂಳು ನನ್ನ ಹೊಣೆ," ಎಂದು ಅಳಿಯ ಭಾನುವಾರ ಬೆಳಿಗ್ಗೆ ಘೋಷಿಸಿದ. ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಅವನು ಹನ್ನೆರಡು ಜನರನ್ನು ನಡುಗಿಸುವ ಮುಖ್ಯಸ್ಥ. ಅತ್ತೆಯೂ ಜೊತೆಗಿರುವ ಮನೆಯಲ್ಲಿ ಬರೀ ಅಳಿಯ. ವ್ಯಾಕ್ಯೂಮ್ ಕ್ಲೀನರ್ ಬಿಚ್ಚಿ ಚೀಲ ಕೊಡವಿದ. ಬ್ರಷ್ಷಿಗೆ ಸುತ್ತಿಕೊಂಡಿದ್ದ ಕೂದಲನ್ನು ಕತ್ತರಿಯಿಂದ ಬಿಡಿಸಿದ. ಫಿಲ್ಟರನ್ನು ಸೋಪಿನ ನೀರಲ್ಲಿ ಮೂರು ಸಲ ತೊಳೆದ.

"ಒಂದು ದಿನ ಒಣಗಲಿ ಬಿಡಿ," ಎಂದಳು ಹಲ್ಲಿನ ಡಾಕ್ಟರಾದ ಹೆಂಡತಿ.

"ಗಾಳಿ ಎಳೆಯೋ ಯಂತ್ರ ಕಣೇ. ತಾನೇ ಒಣಗಿಸಿಕೊಳ್ಳುತ್ತೆ." ಒದ್ದೆ ಫಿಲ್ಟರನ್ನೇ ಒಳಗೆ ತುರುಕಿದ.

ಬುಧವಾರ ನಡುಮನೆಯಲ್ಲಿ ನೆನೆದ ಕಾಲುಚೀಲದ ವಾಸನೆ ಎದ್ದಿತು. ಅಳಿಯ ಮೂಗೆತ್ತಿ ನಾಲ್ಕು ದಿಕ್ಕಿಗೂ ತಿರುಗಿ ಸೋಫಾದ ಕಡೆ ನಿಂತ. ಅಲ್ಲಿ ಅತ್ತೆ ಕುಳಿತಿದ್ದರು. ಅವರ ಕಡೆ ಬೆರಳು ತೋರಿಸುವ ಧೈರ್ಯವನ್ನು ಯಾವ ಪ್ರಯೋಗಾಲಯವೂ ಕಲಿಸುವುದಿಲ್ಲ. ಆದರೆ ಅವರ ಮಡಿಲಲ್ಲಿ ಹನ್ನೊಂದು ವರ್ಷದ ಬೆಕ್ಕು, ದೊರೆ, ಮಲಗಿತ್ತು.

"ಇದರದೇ ಕೆಲಸ."

"ಅದು ದಿನಕ್ಕೆ ಆರು ಸಲ ಮೈ ನೆಕ್ಕಿಕೊಳ್ಳುತ್ತೆ," ಎಂದರು ಅತ್ತೆ. "ನೀವು?"

ಅಳಿಯ ದಿನಕ್ಕೆರಡು ಸಲ ಪ್ರತಿ ಕೋಣೆಗೂ ಯಂತ್ರ ಎಳೆದ. ಎಳೆದಷ್ಟೂ ವಾಸನೆ ಹೆಚ್ಚಿತು. ವಾಸನೆಗೆ ಅಂಕ ಹಾಕಿ ಪಟ್ಟಿಯೊಂದನ್ನು ಬರೆದು ಗೋಡೆಗೆ ಅಂಟಿಸಿದ: ಊಟದ ಕೋಣೆ, ಹತ್ತಕ್ಕೆ ಆರು, ಮಲಗುವ ಕೋಣೆ, ಎಂಟು. ಶುಕ್ರವಾರ ತೀರ್ಪು ಹೊರಬಿತ್ತು. ದೊರೆ ನಾದಿನಿಯ ಮನೆಗೆ ಹೋಗತಕ್ಕದ್ದು. ಎರಡು ದಿನದಲ್ಲಿ ವಾಸನೆ ಹೋದರೆ ಅಲ್ಲೇ ಇರತಕ್ಕದ್ದು. ಅಲ್ಲಿ ಎರಡು ನಾಯಿಗಳಿದ್ದವು. ಅತ್ತೆ ಬೆಕ್ಕಿನ ಬಟ್ಟಲು ತೊಳೆದು, ಒರೆಸಿ, ಅದರ ಬುಟ್ಟಿಯಲ್ಲಿಟ್ಟು ತಮ್ಮ ಕೋಣೆಯ ಬಾಗಿಲು ಹಾಕಿಕೊಂಡರು.

ದೊರೆ ಹೋದ ಮೇಲೆ ಅದರ ಅಪರಾಧವನ್ನು ಸಾಬೀತು ಮಾಡಲು ಅಳಿಯ ಮನೆಯನ್ನೆಲ್ಲ ಮತ್ತೆ ಮತ್ತೆ ಶುದ್ಧಿ ಮಾಡಿದ. ಭಾನುವಾರದ ಹೊತ್ತಿಗೆ ಪಟ್ಟಿಯಲ್ಲಿ ಹತ್ತಕ್ಕೆ ಹನ್ನೊಂದು ಎಂದು ಬರೆಯಬೇಕಾಯಿತು.

"ಬೆಕ್ಕಿಲ್ಲದ ಮನೇಲಿ ಬೆಕ್ಕಿನ ವಾಸನೆ," ಎಂದಳು ಹೆಂಡತಿ. "ಇದಕ್ಕೆ ನಿಮ್ಮ ಆಫೀಸಲ್ಲಿ ಏನಂತಾರೆ?"

"ಶೇಷಪ್ರಭಾವ."

"ನನ್ನ ಹತ್ರ ವಾಸನೆ ಅಂತ ಬಂದೋರಿಗೆ ನಾನು ಮೊದಲು ಬಾಯಿ ತೆಗೀರಿ ಅಂತೀನಿ." ಅವಳು ಕೈಗವಸು ತೊಟ್ಟು, ಮಂಡಿಯೂರಿ ಯಂತ್ರದ ಮುಚ್ಚಳ ಎತ್ತಿದಳು. ಒದ್ದೆ ಫಿಲ್ಟರಿಗೆ ವಾರದ ಧೂಳೆಲ್ಲ ಮೆತ್ತಿಕೊಂಡು, ಅದರ ಮೇಲೆ ಹಸಿರು ಬೂಷ್ಟು ಸೊಂಪಾಗಿ ಬೆಳೆದಿತ್ತು. ಅಳಿಯ ಅದರ ಉಸಿರನ್ನು ಕೋಣೆ ಕೋಣೆಗೂ ಹೊತ್ತು ಹಂಚಿದ್ದ.

ಅತ್ತೆಯ ಬಾಗಿಲು ತೆರೆಯಿತು. ಅವರು ಫಿಲ್ಟರನ್ನು ನೋಡಿದರು, ಆಮೇಲೆ ಅಳಿಯನನ್ನು.

"ಈಗಲೇ ಹೋಗಿ ದೊರೆಯನ್ನ ಕರ್ಕೊಂಡು ಬರ್ತೀನಿ," ಎಂದು ಅವನು ಚಪ್ಪಲಿ ಹುಡುಕಿದ.

"ಸ್ನಾನ ಮಾಡಿ ಹೋಗಿ," ಎಂದರು ಅತ್ತೆ. "ಅದಕ್ಕೆ ವಾಸನೆ ಅಂದರೆ ಆಗೋದಿಲ್ಲ."