ಅಂತೋಣಪ್ಪನವರನ್ನು ನಾನು ಕಾಪಾಡಿದ ಬಗೆ

ಹಾಸನದಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ ಇದೆ. ಬೀಗ, ಚಿಲಕ, ಸರಪಳಿಗಳ ನಡುವೆಯೇ ತಲೆ ನರೆತಿದೆ. ಹೀಗಾಗಿ ಕ್ರಿಸ್‌ಮಸ್ ಹತ್ತಿರವಾದಂತೆ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ "ಹಬ್ಬದ ಸೀಸನ್, ಮನೆ ಭದ್ರ, ಜೇಬು ಭದ್ರ" ಎಂಬ ಸಂದೇಶಗಳು ಸುರಿಯತೊಡಗಿದಾಗ, ಇಡೀ ಬೀದಿಯ ರಕ್ಷಣೆಯ ಹೊಣೆ ನನ್ನ ಹೆಗಲ ಮೇಲೆ ಬಿದ್ದಿದೆ ಎಂದು ತಿಳಿದೆ. ಯಾರೂ ಹೊರಿಸಿರಲಿಲ್ಲ. ನಾನೇ ಎತ್ತಿಟ್ಟುಕೊಂಡೆ!

ಆ ಸಂದೇಶಗಳನ್ನು ಓದಿ ಓದಿ ನನ್ನ ಧೈರ್ಯವೂ ಸ್ವಲ್ಪ ಉಡುಗಿತ್ತು. ಕುಕ್ಕರ್ ಕೂಗಿದರೆ ಬೆಚ್ಚುತ್ತಿದ್ದೆ. ಪೇಪರಿನವನು ಪೇಪರ್ ಎಸೆದರೆ ಬಾಗಿಲ ಸಂದಿಯಿಂದ ಇಣುಕುತ್ತಿದ್ದೆ. ನನ್ನ ಹೆಂಡತಿ ಗಿರಿಜಾ, "ಕಳ್ಳರು ಬರೋ ಮುಂಚೆ ನಿಮಗೆ ಏನಾದ್ರೂ ಆಗುತ್ತೆ ಕಣ್ರೀ" ಎಂದು ಎಚ್ಚರಿಸಿದ್ದಳು.

ಪಕ್ಕದ ಮನೆಯಲ್ಲಿರುವವರು ಲೀನಾ ಟೀಚರ್ ಮತ್ತು ಅವರ ಯಜಮಾನರು. ಹಬ್ಬಕ್ಕೆ ಎರಡು ದಿನ ಇರುವಾಗ ಬೆಳಿಗ್ಗೆ ಟೀಚರ್ ನಮ್ಮ ಗೇಟಿನ ಬಳಿ ಬಂದರು.

"ಅಣ್ಣ, ನಾವಿಬ್ಬರೂ ಚನ್ನರಾಯಪಟ್ಟಣಕ್ಕೆ ಅಕ್ಕನ ಮನೆಗೆ ಹೋಗಿ ಸಂಜೆ ಬಂದುಬಿಡ್ತೀವಿ. ಮನೆ ಕಡೆ ಒಂದು ಕಣ್ಣಿಟ್ಟಿರಿ. ನಮ್ಮ ಮಾವ..."

"ಮಾವನವರಿಗೆ ನನ್ನ ನಮಸ್ಕಾರ ಹೇಳಿ ಟೀಚರ್! ಮನೆ ಚಿಂತೆ ನನಗೆ ಬಿಡಿ."

"ಅದಲ್ಲ ಅಣ್ಣ, ನಮ್ಮ ಮಾವ ನಿನ್ನೆ..."

"ಬಸ್ ತಪ್ಪಿಹೋಗುತ್ತೆ, ಮೊದಲು ಹೊರಡಿ!"

ಪಾಪ, ಹೊರಟರು. ನಾನು ಅವರ ಮನೆಯನ್ನು ವೃತ್ತಿಪರನ ಕಣ್ಣಿನಿಂದ ಪರಿಶೀಲಿಸಿದೆ. ಬಾಗಿಲೇನೋ ಗಟ್ಟಿ. ಆದರೆ ಗೇಟಿಗೆ ಬರೀ ಒಂದು ಚಿಲಕ! ಸಹಿಸಲಾಗಲಿಲ್ಲ. ಅಂಗಡಿಗೆ ಹೋಗಿ ನಮ್ಮಲ್ಲಿರುವ ಅತಿ ದೊಡ್ಡ ಬೀಗವನ್ನು, ತೆಂಗಿನಕಾಯಿಯಷ್ಟು ತೂಕದ್ದನ್ನು ತಂದು ಜಡಿದೆ. ಅದರ ಕೀಯನ್ನು ನನ್ನ ಗೊಂಚಲಿಗೆ ಸೇರಿಸಿದೆ. ಅಂಗಡಿ ಕೀ, ಮನೆ ಕೀ, ಕಾರಿನ ಕೀ ಎಲ್ಲವೂ ಅದೇ ಗೊಂಚಲಿನಲ್ಲಿ. ಎಲ್ಲ ಒಂದೇ ಕಡೆ ಇದ್ದರೆ ಕಳೆಯುವುದಿಲ್ಲ ಎಂಬುದು ನನ್ನ ಸಿದ್ಧಾಂತ.

ಮಧ್ಯಾಹ್ನ ಗಿರಿಜಾ ಪೇಟೆಗೆ ಹೊರಡಿಸಿದಳು. ಬಟ್ಟೆ ಅಂಗಡಿಯಲ್ಲಿ ಹಬ್ಬದ ಡಿಸ್ಕೌಂಟು, ಆಮೇಲೆ ಟೀಚರ್ ಮನೆಗೆ ಕೊಡಲು ಒಂದು ಕೇಕು. ಅಂಗಡಿಯೊಳಗೆ ಕಾಲಿಡಲು ಜಾಗವಿರಲಿಲ್ಲ. ಎಲ್ಲರ ಮುಖವೂ ನನಗೆ ಜೇಬುಗಳ್ಳರ ಮುಖದಂತೆ ಕಂಡಿತು. ಸ್ವೆಟರ್ ನೋಡುತ್ತಿದ್ದ ಒಬ್ಬ ಅಜ್ಜಿಯ ಮೇಲೂ ಅನುಮಾನ ಬಂತು. ಪರ್ಸನ್ನು ಬನಿಯನ್ನಿನೊಳಗೆ ಇಳಿಸಿ, ಕೀ ಗೊಂಚಲಿದ್ದ ಪ್ಯಾಂಟಿನ ಜೇಬನ್ನು ಒತ್ತಿ ಹಿಡಿದು, ಬೆವರುತ್ತ ನಿಂತೆ.

ಆಗ ಬಂತು ಆ ಕೈ! ಹಿಂದಿನಿಂದ ಮೆಲ್ಲಗೆ ನನ್ನ ಇನ್ನೊಂದು ಜೇಬಿಗೆ ಇಳಿಯಿತು. ಗಬಕ್ಕನೆ ಹಿಡಿದೆ.

"ಕಳ್ಳ! ಕಳ್ಳ! ಸಿಕ್ಕಿಬಿದ್ದ! ಬಾಗಿಲು ಹಾಕ್ರಪ್ಪಾ!"

"ರೀ ಬಿಡ್ರೀ, ನನ್ನ ಕೈ ಅದು! ಬೆವರು ಒರೆಸೋಣ ಅಂತ ಕರ್ಚೀಫ್ ತಗೋತಿದ್ದೆ!"

ಇಡೀ ಅಂಗಡಿ ನಮ್ಮ ಕಡೆ ತಿರುಗಿತು. ಕೈಯಲ್ಲಿ ಬಳೆ ಇದ್ದದ್ದು ಗೊತ್ತಾಗಲಿಲ್ಲವೇ ಎಂದು ಅವಳು ಹಲ್ಲು ಕಚ್ಚಿ ಕೇಳಿದಳು. "ಕಳ್ಳಿಯರೂ ಇರ್ತಾರಲ್ಲ" ಎಂದು ಸಮಜಾಯಿಷಿ ಕೊಟ್ಟೆ. ಕೊಡಬಾರದಿತ್ತು!

ಬಟ್ಟೆ ಬ್ಯಾಗನ್ನು ನನ್ನ ಕೈಗೆ ತುರುಕಿ ಅವಳು ಮುಂದೆ ಮುಂದೆ ಕಾರಿನ ಬಳಿಗೆ ನಡೆದಳು. ಎದುರಿನ ಬೇಕರಿಯ ಮುಂದೆ ಇನ್ನೂ ದೊಡ್ಡ ನೂಕುನುಗ್ಗಲು. ಇನ್ನು ಮೈಮೇಲೆ ಏನೂ ಇರಕೂಡದು ಎಂದು ನಿರ್ಧರಿಸಿದೆ. ಕೇಕಿಗೆ ಬೇಕಾದ ದುಡ್ಡನ್ನಷ್ಟೇ ಮುಷ್ಟಿಯಲ್ಲಿ ಹಿಡಿದು, ಬಟ್ಟೆ ಬ್ಯಾಗು, ನನ್ನ ಪರ್ಸು, ನನ್ನ ಫೋನು, ಗಿರಿಜಾಳ ಕೈಚೀಲ, ಅದರೊಳಗಿದ್ದ ಅವಳ ಫೋನು, ಎಲ್ಲವನ್ನೂ ಕಾರಿನ ಡಿಕ್ಕಿಯಲ್ಲಿಟ್ಟೆ. ಯಾರಿಗೂ ಕಾಣದಂತೆ ಹಳೆಯ ಬೆಡ್‌ಶೀಟ್ ಹೊದಿಸಿದೆ. ಹೊದಿಸಲು ಎರಡೂ ಕೈ ಬೇಕಿತ್ತು. ಕೀ ಗೊಂಚಲನ್ನು ಒಂದು ನಿಮಿಷ ಒಳಗಿಟ್ಟೆ. ಧಡ್ ಎಂದು ಮುಚ್ಚಿದೆ.

ಕೇಕಿನ ಸಮೇತ ವಾಪಸು ಬಂದು ಜೇಬು ತಡಕಿದಾಗಲೇ ನನಗೆ ವಿಷಯ ಅರಿವಾದದ್ದು.

"ಕಳ್ಳರಿಗಂತೂ ಸಿಗಲ್ಲ" ಎಂದೆ.

"ನಮಗೂ ಸಿಗಲ್ಲ" ಎಂದಳು ಗಿರಿಜಾ.

ಆಟೋಗೆ ಕೊಡಲು ಪರ್ಸಿಲ್ಲ, ಯಾರನ್ನಾದರೂ ಕರೆಯಲು ಫೋನಿಲ್ಲ. ಮನೆಯ ಇನ್ನೊಂದು ಕೀ ಇದ್ದದ್ದು ಲೀನಾ ಟೀಚರ್ ಮನೆಯಲ್ಲಿ. ಅವರು ಸಂಜೆಗೆ ಬರುತ್ತಾರಲ್ಲ ಎಂದು ಧೈರ್ಯ ಹೇಳುತ್ತ ಕೇಕ್ ಹೊತ್ತು ನಡೆದೆವು.

ನಮ್ಮ ಬೀದಿಗೆ ಬಂದಾಗ ಕತ್ತಲಾಗುತ್ತಿತ್ತು. ಟೀಚರ್ ಮನೆಯ ಗೇಟಿನಲ್ಲಿ ನನ್ನ ಬೀಗ ಹಾಗೇ ನೇತಾಡುತ್ತಿತ್ತು. ಹೆಮ್ಮೆಯಿಂದ ನೋಡುತ್ತಿದ್ದಂತೆಯೇ ಒಳಗೆ ಲೈಟ್ ಹತ್ತಿತು! ಕಿಟಕಿಯ ಪರದೆಯ ಹಿಂದೆ ಕೆಂಪು ಬಟ್ಟೆಯ ಒಂದು ಆಕೃತಿ ಆ ಕಡೆಯಿಂದ ಈ ಕಡೆಗೆ ಸರಿಯಿತು. ಕಳ್ಳ ನಿಜವಾಗಿಯೂ ಬಂದಿದ್ದ. ಅದೂ ನಾನು ಕಾವಲಿದ್ದ ಮನೆಗೇ!

ಎದುರು ಮನೆಯ ರಾಜೇಗೌಡರನ್ನು ಕೂಗಿದೆ. ಅರಕಲಗೂಡು ಕಡೆಯ ಗಟ್ಟಿ ಮನುಷ್ಯ. ದೊಣ್ಣೆ ಹಿಡಿದೇ ಬಂದರು. ಅವರ ಹಿಂದೆ ನಾಲ್ಕಾರು ಮನೆಯವರು ಬಂದರು.

"ಏನ್ ಸಾ, ಒಳೀಕೆ ಯಾವನಾದ್ರೂ ಅವ್ನಾ?"

"ಇದ್ದಾನೆ! ನಾನೇ ಕಣ್ಣಾರೆ ಕಂಡೆ. ಬೀಗ ಹಾಗೇ ಇದೆ, ಕಾಂಪೌಂಡ್ ಹಾರಿದ್ದಾನೆ. ಭಾರೀ ಪಳಗಿದ ಕೈ!"

"ಲೇಯ್! ಆಚೀಕ್ ಬಾರ್ಲಾ!" ಎಂದು ರಾಜೇಗೌಡರು ಗುಡುಗಿದರು. ನಾನು ಕೇಕಿನ ಡಬ್ಬವನ್ನು ಎದೆಗೆ ಅವಚಿಕೊಂಡು ಅವರ ಬೆನ್ನ ಹಿಂದೆ ನಿಂತು, "ಸುತ್ತುವರಿಯಿರಿ!" ಎಂದು ಆಜ್ಞೆ ಕೊಟ್ಟೆ. ಒಳಗೆ ಲೈಟ್ ಆರಿತು. ಯಾರೋ ಫೋನಿನಲ್ಲಿ ಗಾಬರಿಯಿಂದ ಮಾತಾಡುವ ದನಿ ಕೇಳಿಸಿತು. ಸ್ವಲ್ಪ ಹೊತ್ತಿಗೆ ರಾಜೇಗೌಡರ ಫೋನ್ ಹೊಡೆದುಕೊಂಡಿತು.

"ಊಂ ಟೀಚರಮ್ಮ... ಇಲ್ಲೇ ಇವ್ನಿ... ಅಂಗಾ?... ಅಯ್ಯೋ ಸಿವನೆ!"

ದೊಣ್ಣೆ ಕೆಳಗಿಳಿಯಿತು. ರಾಜೇಗೌಡರು ನನ್ನನ್ನು ದಿಟ್ಟಿಸಿ ನೋಡಿದರು.

"ಒಳ್ಗಿರೋದು ಟೀಚರಮ್ಮನ ಮಾವ ಅಂತೋಣಪ್ನೋರಂತೆ ಸಾ. ಹಬ್ಬಕ್ಕೆ ಅಂತ ನೆನ್ನೇನೇ ಹಳ್ಳಿಮೈಸೂರಿಂದ ಬಂದವ್ರಂತೆ. ಮಧ್ಯಾನ ಬಿ.ಪಿ. ಮಾತ್ರೆ ತರಾಕೆ ಓಗಾನ ಅಂತ ಎದ್ ಬಂದ್ರೆ, ಯಾವನೋ ಗೇಟಿಗೆ ಬೀಗ ಜಡ್ದು ಓಗ್ಬುಟ್ಟವ್ನಂತೆ. ಟೀಚರಮ್ಮ ನಿಮ್ಗೆ, ನಿಮ್ಮನೆಯೋರ್ಗೆ ಫೋನ್ ಮಾಡಿ ಮಾಡಿ ಸಾಕಾದ್ರಂತೆ. ಈಗ ದೊಣ್ಣೆ ಇಡ್ಕಂಡು ಕಳ್ರು ಬಂದವ್ರೆ ಕಣವ್ವಾ ಅಂತ ಮುದ್ಕಪ್ಪ ಅಳ್ತಾ ಅವ್ರಂತೆ."

ರಾಜೇಗೌಡರು ಗೇಟಿನ ಕಡೆ ತಿರುಗಿದರು.

"ಆ ಬೀಗ ಯಾರ್ದು ಸಾ?"

ನಾನು ಕೇಕಿನ ಡಬ್ಬವನ್ನು ನೋಡುತ್ತ ನಿಂತೆ.

"ನಮ್ಮನೆಯವರದು" ಎಂದಳು ಗಿರಿಜಾ.

ನಗು ಬರಬೇಕಾದ ಹೊತ್ತು. ಆದರೆ ನನಗೆ ಬರಲಿಲ್ಲ. ಬಿ.ಪಿ. ಇರುವ ಮುದುಕರು, ಮಾತ್ರೆಯಿಲ್ಲದೆ ಇಡೀ ಮಧ್ಯಾಹ್ನ. ಮೇಲೆ ನನ್ನ ಸೈನ್ಯ ಬೇರೆ! ಅವರಿಗೆ ಏನಾದರೂ ಆಗಿದ್ದರೆ? ಗೇಟಿನ ಸರಳು ಹಿಡಿದು, "ಅಂತೋಣಪ್ಪನವರೇ, ನಾನು ಪಕ್ಕದ ಮನೆಯವನು, ಹೆದರಬೇಡಿ, ತಪ್ಪು ನಂದೇ" ಎಂದು ಕೂಗಿದೆ. ದನಿ ನನಗೇ ಕೇಳಿಸದಷ್ಟು ಸಣ್ಣಗಿತ್ತು. ಗಿರಿಜಾ ಜೋರಾಗಿ ಕೂಗಿದ ಮೇಲೆ ಬಾಗಿಲು ತೆರೆಯಿತು. ಕೆಂಪು ಸ್ವೆಟರ್, ಮಂಕಿ ಕ್ಯಾಪ್ ತೊಟ್ಟ ಸಣಕಲು ದೇಹವೊಂದು ಗೋಡೆ ಹಿಡಿದುಕೊಂಡು ಗೇಟಿನವರೆಗೆ ಬಂತು.

ರಾಜೇಗೌಡರು ಮಾತ್ರೆಯ ಹೆಸರು ಕೇಳಿಕೊಂಡು ಮೆಡಿಕಲ್‌ಗೆ ಓಡಿದರು. ಅವರು ತಂದ ಮಾತ್ರೆ ಸರಳುಗಳ ನಡುವೆಯೇ ಒಳಗೆ ಹೋಯಿತು. ಅಂತೋಣಪ್ಪನವರು ಅದನ್ನು ನುಂಗಿ, ನೀರು ಕುಡಿದು, ನಮ್ಮಿಬ್ಬರನ್ನೂ ನೋಡಿದರು.

"ನೀವ್ಯಾಕಮ್ಮ ಆಚೆ ನಿಂತಿದೀರಿ? ಚಳಿ ಆಯ್ತದೆ, ಮನೀಕ್ ಓಗಿ."

"ನಮ್ಮನೆ ಕೀನೂ ಇವರು ಕಾರ್ ಡಿಕ್ಕೀಲಿ ಹಾಕಿ ಮುಚ್ಚಿಬಿಟ್ಟಿದಾರೆ ತಾತ. ಇನ್ನೊಂದು ಕೀ ಟೀಚರ್ ಒಳಗೆ ಎಲ್ಲಿಟ್ಟಿದಾರೋ."

ಮುದುಕರು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಆಮೇಲೆ ಒಳಗೆ ಹೋಗಿ ಎರಡು ಲೋಟ ಬಿಸಿ ಕಾಫಿ ಮಾಡಿಕೊಂಡು ಬಂದು ಸರಳುಗಳ ನಡುವೆ ದಾಟಿಸಿದರು. ಒಳಗಿದ್ದ ಕಳ್ಳ ಹೊರಗಿದ್ದ ಕಾವಲುಗಾರನಿಗೆ ಕಾಫಿ ಕೊಟ್ಟ! ನಾನು ಕೃತಜ್ಞತೆಯಿಂದ ಕೇಕ್ ಕೊಡಲು ಹೋದೆ. ಡಬ್ಬ ಸರಳಿನೊಳಗೆ ತೂರಲಿಲ್ಲ.

ಉಳಿದದ್ದು ಬೀಗ. "ಒಡೆಯೋದು ಅಸಾಧ್ಯ ಗೌಡ್ರೇ, ಗರಗಸಾನೇ ಬೇಕು. ಆದರೆ ನನ್ನ ಅಂಗಡಿ ಕೀನೂ..." ಎಂದು ನಾನು ವಿವರಿಸುತ್ತಿರುವಾಗಲೇ ರಾಜೇಗೌಡರು ರಸ್ತೆ ಬದಿಯ ಒಂದು ಸೈಜುಗಲ್ಲು ಎತ್ತಿ ಒಂದೇ ಏಟು ಹಾಕಿದರು. ಟಪ್! ಬೀಗ ಬಾಯಿಬಿಟ್ಟುಕೊಂಡು ಕೆಳಗೆ ಬಿತ್ತು. ನೆರೆದಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರ ಮನೆಯ ಬೀಗವೂ ನನ್ನ ಅಂಗಡಿಯದೇ.

ಆ ಹೊತ್ತಿಗೆ ಯಜಮಾನರೊಂದಿಗೆ ಓಡೋಡಿ ಬಂದ ಟೀಚರ್ ಮಾವನನ್ನು ಅಪ್ಪಿಕೊಂಡು ಕಣ್ಣೊರೆಸಿಕೊಂಡರು. ನನ್ನ ಜೊತೆ ಒಂದು ಮಾತೂ ಆಡದೆ ನಮ್ಮ ಮನೆಯ ಕೀ ತಂದುಕೊಟ್ಟರು. ಬೈದಿದ್ದರೇ ವಾಸಿ ಎನಿಸಿತು.

ಹಬ್ಬದ ದಿನ ಊಟಕ್ಕೆ ಮಾತ್ರ ಕರೆದರು. ದೊಡ್ಡ ಮನಸ್ಸು. ಬೀರುವಿನಲ್ಲಿದ್ದ ಕಾರಿನ ಇನ್ನೊಂದು ಕೀಯಿಂದ ಡಿಕ್ಕಿ ತೆರೆದು ಬಿಡಿಸಿಕೊಂಡು ಬಂದಿದ್ದ ಹೊಸ ಬಟ್ಟೆ ತೊಟ್ಟು ನಾನೂ ಗಿರಿಜಾಳೂ ಹೋಗಿ ಬೆಲ್ ಒತ್ತಿದೆವು. ಬಾಗಿಲು ತೆರೆಯಲಿಲ್ಲ. ಕಿಟಕಿಯ ಪರದೆ ಸ್ವಲ್ಪ ಸರಿಯಿತು.

"ಯಾರು?" ಅಂತೋಣಪ್ಪನವರ ದನಿ.

"ನಾನು, ಪಕ್ಕದ ಮನೆಯವನು."

"ಒಬ್ನೇ ಬಂದಿದೀಯೋ, ಬೀದಿ ಜನಾನೂ ಕರ್ಕಂಡ್ ಬಂದಿದೀಯೋ?"

"ನಾವಿಬ್ಬರೇ ತಾತ."

"ಕೈ ತೋರ್ಸು. ಎರಡೂವೆ."

ಎತ್ತಿ ತೋರಿಸಿದೆ. ಪರದೆಯ ಹಿಂದೆ ದೀರ್ಘ ಪರಿಶೀಲನೆ ನಡೆಯಿತು. ಬಾಗಿಲು ಅರ್ಧ ತೆರೆಯಿತು.

"ನೀನ್ ಬಾರಮ್ಮ ಒಳೀಕೆ. ಅವ್ನು ಅಲ್ಲೇ ಇರ್ಲಿ, ನಮ್ ಸೊಸೇನ ಒಂದ್ ಮಾತ್ ಕೇಳ್ಕಂಡು ಬತ್ತೀನಿ."

ಗಿರಿಜಾ ಒಳಗೆ ಹೋದಳು. ತಿರುಗಿಯೂ ನೋಡಲಿಲ್ಲ. ಬಾಗಿಲು ಮುಚ್ಚಿತು. ಒಳಗಿನಿಂದ ಊಟದ ಘಮ ಬರುತ್ತಿತ್ತು. ಹಬ್ಬದ ನೆಂಟರು ಒಬ್ಬೊಬ್ಬರಾಗಿ ನನ್ನನ್ನು ದಾಟಿಕೊಂಡು ಒಳಗೆ ಹೋದರು. ನಾನು ಜಗಲಿಯಲ್ಲಿ ಎರಡೂ ಕೈ ಎತ್ತಿಕೊಂಡೇ ನಿಂತಿದ್ದೆ. ಇಳಿಸಬಹುದು ಎಂದು ಯಾರೂ ಹೇಳಿರಲಿಲ್ಲ!